ಗುರುಮಠಗಳ ಚರಿತ್ರೆ: ಯಾಜಕರ ತರಬೇತಿಯೂ ಜನರ ಭಾಷೆಯೂ

ಪಾಠದ ಉದ್ದೇಶ

ಹೈಸ್ಕೂಲು ತರಗತಿಗಳ ಸಮಾಜ ವಿಜ್ಞಾನದಲ್ಲಿ ಯುರೋಪಿನ ಮತಸುಧಾರಣೆ, ಪೋರ್ಚುಗೀಸರ ಆಗಮನ, ಮಿಷನರಿಗಳ ಶಿಕ್ಷಣಕಾರ್ಯ ಎಂಬ ವಿಷಯಗಳು ಬೇರೆಬೇರೆ ಅಧ್ಯಾಯಗಳಲ್ಲಿ ಬರುತ್ತವೆ. ಇವುಗಳನ್ನು ಒಂದೇ ದಾರದಲ್ಲಿ ಪೋಣಿಸಬಲ್ಲ ವಿಷಯವೊಂದಿದೆ: ಕ್ಯಾಥೊಲಿಕ್ ಧರ್ಮಸಭೆಯು ತನ್ನ ಯಾಜಕರನ್ನು ತಯಾರು ಮಾಡಿದ ಬಗೆ. ಈ ಪಾಠವು ಮತಬೋಧೆಗಾಗಿ ಅಲ್ಲ, ಶಿಕ್ಷಣ ಚರಿತ್ರೆಯ ಅಭ್ಯಾಸಕ್ಕಾಗಿ. ಜನರ ನಡುವೆ ನಿಂತು ಮಾತನಾಡಬೇಕಾದವನಿಗೆ ಯಾವ ಭಾಷೆಯಲ್ಲಿ ಶಿಕ್ಷಣ ಕೊಡಬೇಕು ಎಂಬ ಪ್ರಶ್ನೆ ಈ ಚರಿತ್ರೆಯ ಉದ್ದಕ್ಕೂ ಮತ್ತೆಮತ್ತೆ ತಲೆಯೆತ್ತುತ್ತದೆ. ಗಡಿಯಾಚೆಯ ಕನ್ನಡ ಶಾಲೆಗಳ ಶಿಕ್ಷಕರಿಗೆ ಈ ಪ್ರಶ್ನೆ ಹೊಸದಲ್ಲ.

1. ಪದದ ಬೇರು

ಕನ್ನಡ ಕ್ಯಾಥೊಲಿಕರು 'ಗುರುಮಠ' ಎಂದು ಕರೆಯುವ ಸಂಸ್ಥೆಗೆ ಯುರೋಪಿನ ಭಾಷೆಗಳಲ್ಲಿರುವ ಹೆಸರು 'ಸೆಮಿನರಿ'. ಇದು ಲ್ಯಾಟಿನ್ನಿನ 'ಸೆಮಿನಾರಿಯುಂ' ಎಂಬ ಪದದಿಂದ ಬಂದದ್ದು. 'ಸೆಮೆನ್' ಎಂದರೆ ಬೀಜ. 'ಸೆಮಿನಾರಿಯುಂ' ಎಂದರೆ ಸಸಿಮಡಿ. ಭತ್ತವನ್ನು ಮೊದಲು ಒಂದು ಮಡಿಯಲ್ಲಿ ಚೆಲ್ಲಿ, ಸಸಿ ಬಲಿತ ಮೇಲೆ ಕಿತ್ತು ಗದ್ದೆಯಲ್ಲಿ ನಾಟಿ ಮಾಡುವ ರೈತಾಪಿ ಮಕ್ಕಳಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕರಾವಳಿಯವರು 'ನೇಜಿ' ಎನ್ನುವುದನ್ನು ಬೇರೆ ಕಡೆಯವರು 'ಅಗೆ', 'ಪೈರು' ಎಂದು ಕರೆಯುವುದುಂಟು. ಮಡಿಯಲ್ಲಿ ಬೆಳೆದದ್ದು ಕೊನೆಗೆ ಗದ್ದೆಯ ಮಣ್ಣಿಗೆ ಹೊಂದಬೇಕು ಎಂಬುದು ಈ ಹೋಲಿಕೆಯೊಳಗೇ ಅಡಗಿರುವ ಷರತ್ತು.

ಶಿಕ್ಷಕರು ಪರಿಚಯವಿರುವ 'ಸೆಮಿನಾರ್' ಎಂಬ ಪದವೂ ಇದೇ ಬೇರಿನದು. ಜರ್ಮನ್ ನಾಡುಗಳಲ್ಲಿ ಶಾಲಾ ಶಿಕ್ಷಕರ ತರಬೇತಿ ಸಂಸ್ಥೆಗಳಿಗೂ ಇದೇ ಹೆಸರಿತ್ತು. ಯಾಜಕನ ತರಬೇತಿ ಮತ್ತು ಶಿಕ್ಷಕನ ತರಬೇತಿಗಳ ನಡುವಿನ ಸಂಬಂಧ ಹೆಸರಿನಲ್ಲಿ ಮಾತ್ರವಲ್ಲ, ಚರಿತ್ರೆಯಲ್ಲಿಯೂ ಇದೆ. ಅದು ನಾಲ್ಕನೆಯ ಭಾಗದಲ್ಲಿ ಬರುತ್ತದೆ.

2. ಗುರುಮಠಕ್ಕೆ ಮುನ್ನ

ಕ್ರೈಸ್ತಧರ್ಮದ ಮೊದಲ ಸಾವಿರದ ಐನೂರು ವರ್ಷಗಳಲ್ಲಿ ಯಾಜಕರಿಗೆಂದೇ ಮೀಸಲಾದ, ಎಲ್ಲೆಡೆಯೂ ಕಡ್ಡಾಯವಾದ ಶಾಲೆ ಇರಲಿಲ್ಲ. ಹಿರಿಯ ಯಾಜಕನ ಜೊತೆಗಿದ್ದು, ಅವನು ಮಾಡುವುದನ್ನು ನೋಡಿ ಕಲಿಯುವುದೇ ಸಾಮಾನ್ಯ ಕ್ರಮವಾಗಿತ್ತು. ಬಡಗಿಯ ಮಗನು ಉಳಿ ಹಿಡಿಯುವುದನ್ನು ಕಲಿಯುವ ಬಗೆಯದು ಅದು. ಉತ್ತರ ಆಫ್ರಿಕದ ಹಿಪ್ಪೋ ನಗರದಲ್ಲಿ ಬಿಷಪ್ ಆಗಿದ್ದ ಸಂತ ಅಗಸ್ಟೀನನು ತನ್ನ ಮನೆಯಲ್ಲಿಯೇ ಯಾಜಕರನ್ನು ಕೂಡಿ ಬಾಳುವಂತೆ ಇರಿಸಿಕೊಂಡಿದ್ದನು. ಆರನೆಯ ಶತಮಾನದಲ್ಲಿ ಸ್ಪೇನಿನ ಟೊಲೆಡೊದಲ್ಲಿ ಸೇರಿದ ಸಭೆಯು ಯಾಜಕವೃತ್ತಿಗೆ ಒಪ್ಪಿಸಲಾದ ಬಾಲಕರು ಬಿಷಪರ ಕಣ್ಣೆದುರಿನಲ್ಲಿ ಕಲಿಯಬೇಕೆಂದು ವಿಧಿಸಿತು.

ಮುಂದೆ ಪ್ರಧಾನ ದೇವಾಲಯಗಳಿಗೆ ಹೊಂದಿಕೊಂಡ ಶಾಲೆಗಳು ಬೆಳೆದವು. 1179 ಮತ್ತು 1215ರಲ್ಲಿ ರೋಮಿನ ಲ್ಯಾಟರನ್ನಿನಲ್ಲಿ ನಡೆದ ಮಹಾಸಭೆಗಳು ಈ ಶಾಲೆಗಳಲ್ಲಿ ಒಬ್ಬ ಉಪಾಧ್ಯಾಯನಿರಬೇಕು, ಬಡ ವಿದ್ಯಾರ್ಥಿಗಳಿಂದ ಶುಲ್ಕ ಪಡೆಯಬಾರದು ಎಂದು ಆಜ್ಞಾಪಿಸಿದವು. ಪ್ಯಾರಿಸ್, ಬೊಲೋನ್ಯ, ಆಕ್ಸ್‌ಫರ್ಡ್‌ಗಳಲ್ಲಿ ವಿಶ್ವವಿದ್ಯಾನಿಲಯಗಳು ತಲೆಯೆತ್ತಿದಾಗ ಪ್ರತಿಭಾವಂತರು ಅತ್ತ ಹೋದರು. ಅಲ್ಲಿ ಓದಿದವರು ಅನೇಕ ವೇಳೆ ಉನ್ನತ ಪದವಿಗಳಿಗೆ ಏರಿದರೇ ಹೊರತು ಹಳ್ಳಿಗಳಿಗೆ ಮರಳಲಿಲ್ಲ. ಹಳ್ಳಿಯ ಯಾಜಕನಿಗೆ ದೊರೆತದ್ದು ಅಲ್ಪಸ್ವಲ್ಪ ಲ್ಯಾಟಿನ್ ಮಾತ್ರ. ತಾನು ಪಠಿಸುವ ಪ್ರಾರ್ಥನೆಯ ಅರ್ಥ ತನಗೇ ತಿಳಿಯದ ಯಾಜಕರಿದ್ದಾರೆ ಎಂಬ ದೂರು ಧರ್ಮಸಭೆಯ ಒಳಗಿನಿಂದಲೇ ಕೇಳಿಬರುತ್ತಿತ್ತು.

3. ಟ್ರೆಂಟ್ ಮಹಾಸಭೆಯ ಆಜ್ಞೆ

1517ರಲ್ಲಿ ಮಾರ್ಟಿನ್ ಲೂಥರನಿಂದ ಆರಂಭವಾದ ಸುಧಾರಣೆಯ ಆಂದೋಲನವು ಈ ದೌರ್ಬಲ್ಯವನ್ನು ಬಯಲಿಗೆಳೆಯಿತು. ಸುಧಾರಣೆಯ ಬೋಧಕರು ಜನರ ನುಡಿಯಲ್ಲಿ ಉಪದೇಶ ಮಾಡಿದರು. ಲೂಥರನು ಬೈಬಲನ್ನು ಜರ್ಮನ್ನಿಗೆ ತಂದನು. ಇದಕ್ಕೆ ಉತ್ತರ ಕೊಡಬೇಕಾದ ಕ್ಯಾಥೊಲಿಕ್ ಧರ್ಮಸಭೆಯು 1545ರಿಂದ 1563ರವರೆಗೆ, ನಡುನಡುವೆ ನಿಂತುಹೋಗುತ್ತ, ಉತ್ತರ ಇಟಲಿಯ ಟ್ರೆಂಟ್ ನಗರದಲ್ಲಿ ಮಹಾಸಭೆಯನ್ನು ನಡೆಸಿತು. ಆ ಸಭೆಯ ಇಪ್ಪತ್ತಮೂರನೆಯ ಅಧಿವೇಶನದಲ್ಲಿ, 1563ರ ಜುಲೈ 15ರಂದು, ಪ್ರತಿಯೊಂದು ಧರ್ಮಕ್ಷೇತ್ರದಲ್ಲಿಯೂ ಯಾಜಕರ ತರಬೇತಿಗೆ ವಿದ್ಯಾಲಯ ಇರಬೇಕೆಂಬ ನಿರ್ಣಯವು ಅಂಗೀಕೃತವಾಯಿತು.

ಆ ನಿರ್ಣಯದ ವಿವರಗಳನ್ನು ಶಿಕ್ಷಣಶಾಸ್ತ್ರದ ದೃಷ್ಟಿಯಿಂದ ಓದಬೇಕು. ಸೇರುವ ಬಾಲಕನಿಗೆ ಕನಿಷ್ಠ ಹನ್ನೆರಡು ವರ್ಷ ತುಂಬಿರಬೇಕು. ಅವನಿಗೆ ಓದು ಬರಹ ಬರುತ್ತಿರಬೇಕು. ಬಡವರ ಮಕ್ಕಳಿಗೆ ಆದ್ಯತೆ ಇರಬೇಕು. ಶ್ರೀಮಂತರ ಮಕ್ಕಳು ತಮ್ಮ ಖರ್ಚನ್ನು ತಾವೇ ಭರಿಸಿ ಸೇರಬಹುದು. ವ್ಯಾಕರಣ, ಗಾಯನ, ಹಬ್ಬಗಳ ದಿನಗಳನ್ನು ಲೆಕ್ಕಹಾಕುವ ಗಣಿತ, ಪವಿತ್ರ ಗ್ರಂಥ, ಸಂತರ ಉಪದೇಶಗಳು, ಸಂಸ್ಕಾರಗಳನ್ನು ನಡೆಸುವ ಕ್ರಮ ಇವು ಪಠ್ಯವಿಷಯಗಳು. ವೆಚ್ಚಕ್ಕಾಗಿ ಧರ್ಮಕ್ಷೇತ್ರದ ಆದಾಯಗಳ ಮೇಲೆ ಕರ ವಿಧಿಸಬಹುದು. ಒಂದು ಧರ್ಮಕ್ಷೇತ್ರಕ್ಕೆ ಶಕ್ತಿ ಸಾಲದಿದ್ದರೆ ಹಲವು ಸೇರಿ ಒಂದು ವಿದ್ಯಾಲಯವನ್ನು ನಡೆಸಬಹುದು.

ಪ್ರವೇಶದ ವಯಸ್ಸು, ಅರ್ಹತೆ, ಪಠ್ಯಕ್ರಮ, ಹಣದ ಮೂಲ ಈ ನಾಲ್ಕನ್ನೂ ಒಂದೇ ಶಾಸನದಲ್ಲಿ ಹೇಳಿ, ವೃತ್ತಿಗೆ ಸೇರುವ ಮೊದಲೇ ತರಬೇತಿಯಾಗಬೇಕು ಎಂಬ ತತ್ತ್ವವನ್ನು ವಿಶಾಲ ಪ್ರದೇಶಕ್ಕೆ ಅನ್ವಯಿಸಿದ್ದು ಇದರ ವಿಶೇಷ. ಮಿಲಾನಿನ ಆರ್ಚ್‌ಬಿಷಪ್ ಚಾರ್ಲ್ಸ್ ಬೊರೊಮಿಯೊ ಇದನ್ನು ಬೇಗನೆ ಜಾರಿಗೆ ತಂದವರಲ್ಲಿ ಪ್ರಮುಖನು. ರೋಮಿನ ಗುರುಮಠ 1565ರಲ್ಲಿ ತೆರೆಯಿತು.

ಟ್ರೆಂಟ್ ಸಭೆಯು ಭಾಷೆಯ ವಿಷಯದಲ್ಲಿ ಎರಡು ದಿಕ್ಕಿಗೆ ನೋಡಿತು. ಬಲಿಪೂಜೆಯು ಲ್ಯಾಟಿನ್ನಿನಲ್ಲಿಯೇ ಮುಂದುವರಿಯಿತು. ಆದರೆ ಯಾಜಕರು ಪೂಜೆಯ ಅರ್ಥವನ್ನು ಜನರಿಗೆ ಆಗಾಗ ವಿವರಿಸಬೇಕೆಂದು ಸಭೆ ಆದೇಶಿಸಿತು. ಬೋಧನೆಯ ಕೈಪಿಡಿಯನ್ನು ಜನಭಾಷೆಗಳಿಗೆ ಅನುವಾದಿಸಬೇಕೆಂದೂ ಹೇಳಿತು. ಹೀಗೆ ಗುರುಮಠದ ವಿದ್ಯಾರ್ಥಿ ಲ್ಯಾಟಿನ್ನಿನಲ್ಲಿ ಕಲಿತು ಜನರ ನುಡಿಯಲ್ಲಿ ಕಲಿಸಬೇಕಾಯಿತು. ಈ ಎರಡರ ನಡುವಿನ ಸೇತುವೆಯನ್ನು ಯಾರು ಕಟ್ಟಬೇಕು ಎಂಬುದನ್ನು ನಿರ್ಣಯವು ಹೇಳಲಿಲ್ಲ.

4. ಫ್ರಾನ್ಸ್: ಯಾಜಕನ ಶಾಲೆಯಿಂದ ಶಿಕ್ಷಕನ ಶಾಲೆಗೆ

ಆಜ್ಞೆ ಹೊರಟ ಮಾತ್ರಕ್ಕೆ ಎಲ್ಲೆಡೆಯೂ ಶಾಲೆಗಳು ಏಳಲಿಲ್ಲ. ಇಂಗ್ಲೆಂಡಿನಲ್ಲಿ ಕ್ಯಾಥೊಲಿಕ್ ಯಾಜಕರ ತರಬೇತಿಗೆ ಅವಕಾಶವೇ ಇಲ್ಲದಿದ್ದುದರಿಂದ ವಿಲಿಯಂ ಆಲನ್ 1568ರಲ್ಲಿ ಸಮುದ್ರದಾಚೆಯ ಡುವೇ ಎಂಬಲ್ಲಿ ಇಂಗ್ಲಿಷರಿಗಾಗಿ ವಿದ್ಯಾಲಯವನ್ನು ತೆರೆದನು. ಅದು ಕೆಲವು ವರ್ಷ ಫ್ರಾನ್ಸಿನ ರೀಮ್ಸ್ ನಗರಕ್ಕೆ ಸ್ಥಳಾಂತರಗೊಂಡಿತ್ತು. ಅಲ್ಲಿಯೇ 1582ರಲ್ಲಿ ಹೊಸ ಒಡಂಬಡಿಕೆಯ ಇಂಗ್ಲಿಷ್ ಅನುವಾದವು ಅಚ್ಚಾಯಿತು. ತಾಯ್ನಾಡಿನಿಂದ ದೂರವಿದ್ದ ಶಾಲೆಯೊಂದು ತಾಯ್ನುಡಿಯ ಗ್ರಂಥವನ್ನು ಸಿದ್ಧಪಡಿಸಿದ ಈ ನಿದರ್ಶನವು ಗಡಿನಾಡಿನ ಶಿಕ್ಷಕರ ಗಮನಕ್ಕೆ ಯೋಗ್ಯವಾದದ್ದು.

ಫ್ರಾನ್ಸಿನಲ್ಲಿ ಗುರುಮಠಗಳು ನಿಜವಾಗಿ ಬೇರೂರಿದ್ದು ಹದಿನೇಳನೆಯ ಶತಮಾನದಲ್ಲಿ. ವಿನ್ಸೆಂಟ್ ಡಿ ಪಾಲ್ ಮೊದಲು ದೀಕ್ಷೆಗೆ ಸಿದ್ಧರಾದವರಿಗೆ ಕೆಲವೇ ದಿನಗಳ ಶಿಬಿರಗಳನ್ನು ನಡೆಸಿದನು. ಎಳೆಯ ಬಾಲಕರನ್ನೂ ಪ್ರಾಯದವರನ್ನೂ ಒಂದೇ ಮನೆಯಲ್ಲಿ ಕಲಿಸುವುದು ಫಲಕಾರಿಯಲ್ಲವೆಂದು ಅನುಭವದಿಂದ ಕಂಡುಕೊಂಡು ಅವರನ್ನು ಬೇರ್ಪಡಿಸಿದನು. ಕಿರಿಯ ಗುರುಮಠ, ಹಿರಿಯ ಗುರುಮಠ ಎಂಬ ವಿಭಾಗವು ಈ ಬಗೆಯ ಅನುಭವದಿಂದ ರೂಪುಗೊಂಡದ್ದು. ಅದೇ ಕಾಲದಲ್ಲಿ ಜಾನ್ ಜಾಕ್ ಓಲಿಯೆ ಪ್ಯಾರಿಸಿನ ಸಾಂ ಸುಲ್ಪೀಸ್ ಗುರುಮಠವನ್ನು ಸ್ಥಾಪಿಸಿದನು. ಅಲ್ಲಿ ಗುರುಗಳು ವಿದ್ಯಾರ್ಥಿಗಳ ಜೊತೆಯಲ್ಲಿಯೇ ವಾಸಿಸಿ, ಉಂಡು, ಪ್ರಾರ್ಥಿಸುತ್ತಿದ್ದರು.

ಸಾಂ ಸುಲ್ಪೀಸಿನಲ್ಲಿ 1670ರಿಂದ 1672ರವರೆಗೆ ಓದಿದ ಒಬ್ಬ ತರುಣನ ಹೆಸರು ಶಿಕ್ಷಕರೆಲ್ಲರೂ ಅರಿತಿರಬೇಕಾದದ್ದು: ಜಾನ್ ಬ್ಯಾಪ್ಟಿಸ್ಟ್ ಡಿ ಲಾ ಸಾಲ್ (1651–1719). ರೀಮ್ಸ್ ನಗರದ ಸ್ಥಿತಿವಂತ ಮನೆತನದವನಾದ ಈತನು ಬಡಮಕ್ಕಳ ಶಾಲೆಗಳನ್ನು ವಹಿಸಿಕೊಂಡಾಗ, ಅಲ್ಲಿನ ಉಪಾಧ್ಯಾಯರಿಗೆ ಕಲಿಸುವ ವಿದ್ಯೆಯೇ ಗೊತ್ತಿಲ್ಲವೆಂಬುದನ್ನು ಕಂಡನು. ಯಾಜಕರಿಗೆ ಗುರುಮಠವಿರುವಂತೆ ಶಾಲಾ ಉಪಾಧ್ಯಾಯರಿಗೂ ಗುರುಮಠ ಬೇಕೆಂದು ನಿಶ್ಚಯಿಸಿ, 1680ರ ದಶಕದಲ್ಲಿ ರೀಮ್ಸ್‌ನಲ್ಲಿ ಹಳ್ಳಿಯ ಉಪಾಧ್ಯಾಯರ ತರಬೇತಿ ಶಾಲೆಯನ್ನು ತೆರೆದನು. ಇಂದಿನ ಡಿ.ಎಡ್., ಬಿ.ಎಡ್. ಸಂಸ್ಥೆಗಳ ಪೂರ್ವಜರಲ್ಲಿ ಅದೂ ಒಂದು.

ಅಂದಿನ ಫ್ರಾನ್ಸಿನಲ್ಲಿ ಮಕ್ಕಳಿಗೆ ಓದು ಕಲಿಸುವುದು ಲ್ಯಾಟಿನ್ನಿನಿಂದ ಆರಂಭವಾಗುತ್ತಿತ್ತು. ಲಾ ಸಾಲ್ ಅದನ್ನು ತಿರುಗಿಸಿ, ಮೊದಲು ಫ್ರೆಂಚ್ ಓದನ್ನು ಕಲಿಸುವಂತೆ ಮಾಡಿದನು. ಇದನ್ನು ಆಕ್ಷೇಪಿಸಿದ ಬಿಷಪರಿಗೆ ಅವನು ಕೊಟ್ಟ ಸಮರ್ಥನೆಯ ಸಾರ ಇಷ್ಟು: ಬಡವರ ಮಕ್ಕಳು ಶಾಲೆಯಲ್ಲಿ ಹೆಚ್ಚು ಕಾಲ ಉಳಿಯುವುದಿಲ್ಲ, ಲ್ಯಾಟಿನ್ ಓದಿನಲ್ಲಿಯೇ ಆ ಅಲ್ಪ ಕಾಲ ಕಳೆದರೆ ಅವರಿಗೆ ಯಾವ ಓದೂ ದಕ್ಕದೆ ಹೋಗುತ್ತದೆ, ಬಲ್ಲ ಭಾಷೆಯಲ್ಲಿ ಓದು ಕಲಿತ ಮಗುವಿಗೆ ಇನ್ನೊಂದು ಭಾಷೆಯ ಓದು ಸುಲಭವಾಗುತ್ತದೆ. ಮುನ್ನೂರು ವರ್ಷಗಳ ಹಿಂದಿನ ಈ ವಾದವು ಇಂದು ಮಾತೃಭಾಷಾ ಶಿಕ್ಷಣದ ಪರವಾಗಿ ಹೇಳುವ ವಾದವೇ ಆಗಿದೆ. 1950ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ಈತನನ್ನು ಶಿಕ್ಷಕರ ಪಾಲಕ ಸಂತನೆಂದು ಘೋಷಿಸಿದರು.

5. ಕೇರಳದ ಎರಡು ವಿದ್ಯಾಲಯಗಳು

ಭಾರತದಲ್ಲಿ ಯಾಜಕರ ತರಬೇತಿಯ ಪ್ರಯತ್ನವು ಟ್ರೆಂಟ್ ನಿರ್ಣಯಕ್ಕಿಂತ ಹಳೆಯದು. ಕೇರಳದ ಸಂತ ತೋಮಸರ ಕ್ರೈಸ್ತರು ಶತಮಾನಗಳಿಂದ ಪರ್ಷಿಯದ ಕಡೆಯ ಧರ್ಮಸಭೆಯೊಡನೆ ಸಂಬಂಧ ಹೊಂದಿದ್ದರು. ಅವರ ಮನೆಮಾತು ಮಲಯಾಳಂ, ಪೂಜಾಭಾಷೆ ಸುರಿಯಾನಿ. 1540ರ ಸುಮಾರಿಗೆ ಫ್ರಾನ್ಸಿಸ್ಕನ್ ಸಂನ್ಯಾಸಿ ವಿನ್ಸೆಂಟ್ ಡಿ ಲಾಗೊಸ್ ಕೊಡುಂಗಲ್ಲೂರಿನಲ್ಲಿ ಅವರ ಮಕ್ಕಳಿಗಾಗಿ ವಿದ್ಯಾಲಯವನ್ನು ತೆರೆದನು. ಅಲ್ಲಿ ಶಿಕ್ಷಣವು ಲ್ಯಾಟಿನ್ನಿನಲ್ಲಿ ನಡೆಯಿತು. ಲ್ಯಾಟಿನ್ ಪದ್ಧತಿಯಲ್ಲಿ ಯಾಜಕರೂ ತಯಾರಾದರು. ಆದರೆ ಅವರು ಊರಿಗೆ ಮರಳಿದಾಗ ಸಮುದಾಯವು ಅವರನ್ನು ತನ್ನ ದೇವಾಲಯಗಳಲ್ಲಿ ಪೂಜೆಗೆ ಒಪ್ಪಲಿಲ್ಲ. ಸುರಿಯಾನಿ ಅರಿಯದವರು ತಮ್ಮ ಯಾಜಕರಾಗಲಾರರು ಎಂಬುದು ಜನರ ನಿಲುವು. ಸಸಿ ಬೆಳೆದಿತ್ತು, ಗದ್ದೆ ಅದನ್ನು ಹಿಡಿಯಲಿಲ್ಲ.

ಈ ಸೋಲನ್ನು ಕಂಡ ಜೆಸುಯಿಟರು 1580ರ ದಶಕದಲ್ಲಿ ಚೇಂದಮಂಗಲದ ಬಳಿಯ ವೈಪಿಕೋಟ್ಟದಲ್ಲಿ ಇನ್ನೊಂದು ಗುರುಮಠವನ್ನು ಸ್ಥಾಪಿಸಿ ಅಲ್ಲಿ ಸುರಿಯಾನಿಯನ್ನು ಕಲಿಸಿದರು. ಸುರಿಯಾನಿಯಲ್ಲಿ ವಿದ್ವಾಂಸನಾಗಿದ್ದ ಫ್ರಾನ್ಸಿಸ್ಕೊ ರೋಸ್ ಅಲ್ಲಿ ಬೋಧಕನಾಗಿದ್ದನು. ಆದರೆ ಭಾಷೆಯನ್ನು ಒಪ್ಪಿಕೊಂಡ ಮಾತ್ರಕ್ಕೆ ವಿಶ್ವಾಸವು ಪೂರ್ಣವಾಗಿ ದೊರೆಯಲಿಲ್ಲ. 1599ರ ಉದಯಂಪೇರೂರು ಸಭೆಯು ಸಮುದಾಯದ ಗ್ರಂಥಗಳನ್ನೂ ಆಚಾರಗಳನ್ನೂ ಲ್ಯಾಟಿನ್ ಪದ್ಧತಿಗೆ ಸರಿಯಾಗಿ ತಿದ್ದಲು ಹೊರಟಿತು. ಬೆಳೆಯುತ್ತ ಬಂದ ಅಸಮಾಧಾನವು 1653ರಲ್ಲಿ ಮಟ್ಟಾಂಚೇರಿಯ ಕೂನನ್ ಕುರಿಶು ಪ್ರತಿಜ್ಞೆಯಲ್ಲಿ ಸ್ಫೋಟಗೊಂಡಿತು. ಭಾಷೆಯನ್ನು ಕಲಿಸುವುದು ಒಂದು, ಆ ಭಾಷೆಯ ಜನರನ್ನು ಗೌರವಿಸುವುದು ಇನ್ನೊಂದು ಎಂಬ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಇಲ್ಲಿ ಗುರುತಿಸಬಹುದು.

6. ಗೋವಾ: ಕಲಿಕೆ ಇತ್ತು, ಸ್ಥಾನ ಇರಲಿಲ್ಲ

1541ರಲ್ಲಿ ಗೋವಾದಲ್ಲಿ ಆರಂಭವಾದ ಪ್ರಯತ್ನದಿಂದ ಸಂತ ಪೌಲರ ವಿದ್ಯಾಲಯವು ರೂಪುಗೊಂಡಿತು. ಅದು ಬೇಗನೆ ಜೆಸುಯಿಟರ ಕೈಗೆ ಬಂತು. 1556ರಲ್ಲಿ ಭಾರತದ ಮೊದಲ ಮುದ್ರಣಯಂತ್ರವು ನೆಲೆಗೊಂಡದ್ದು ಇದೇ ವಿದ್ಯಾಲಯದಲ್ಲಿ. ಹದಿನೇಳನೆಯ ಶತಮಾನದ ಆದಿಯಲ್ಲಿ ಸಾಲ್ಸೆಟ್ ಪ್ರದೇಶದ ರಾಚೋಲಿನಲ್ಲಿ ಮತ್ತೊಂದು ವಿದ್ಯಾಲಯ ಬೆಳೆಯಿತು. ಕೊಂಕಣಿಗರು ಇದನ್ನು ರಾಯ್ತೂರ್ ಎನ್ನುತ್ತಾರೆ. ಹೆಸರಿನ ಹೋಲಿಕೆಯಿಂದ ಮಕ್ಕಳು ಇದನ್ನು ರಾಯಚೂರು ಎಂದು ತಿಳಿಯದಂತೆ ಎಚ್ಚರವಿರಬೇಕು.

ಇಂಗ್ಲೆಂಡಿನಿಂದ ಬಂದ ಜೆಸುಯಿಟ್ ಥಾಮಸ್ ಸ್ಟೀಫನ್ಸ್ ಮರಾಠಿಯಲ್ಲಿ, ಹತ್ತು ಸಾವಿರಕ್ಕೂ ಹೆಚ್ಚು ಓವಿಗಳಲ್ಲಿ ರಚಿಸಿದ 'ಕ್ರಿಸ್ತಪುರಾಣ'ವು 1616ರಲ್ಲಿ ರಾಚೋಲಿನಲ್ಲಿ ಮುದ್ರಿತವಾಯಿತು. ಅವನು ಬರೆದ ಕೊಂಕಣಿ ವ್ಯಾಕರಣವು ಅವನ ಮರಣಾನಂತರ, 1640ರಲ್ಲಿ, ಅಲ್ಲಿಯೇ ಅಚ್ಚಾಯಿತು. ಅದರ ಶೀರ್ಷಿಕೆಯಲ್ಲಿ ಭಾಷೆಯ ಹೆಸರು 'ಕನಾರಿಂ' ಎಂದಿದೆ. ಪೋರ್ಚುಗೀಸರು ಗೋವಾದ ಜನರನ್ನೂ ಅವರ ನುಡಿಯನ್ನೂ ಈ ಹೆಸರಿನಿಂದ ಕರೆಯುತ್ತಿದ್ದುದರಿಂದ, ಅದನ್ನು ಕನ್ನಡ ವ್ಯಾಕರಣವೆಂದು ಭಾವಿಸಬಾರದು.

ಜನರ ನುಡಿಗೆ ವ್ಯಾಕರಣ ಬರೆದ ನಾಡಿನಲ್ಲಿಯೇ 1684ರಲ್ಲಿ ವೈಸ್‌ರಾಯನು ಕೊಂಕಣಿಯನ್ನು ಬಿಟ್ಟು ಮೂರು ವರ್ಷಗಳೊಳಗೆ ಪೋರ್ಚುಗೀಸ್ ಆಡಬೇಕೆಂದು ಆಜ್ಞೆ ಹೊರಡಿಸಿದನು. ಆಜ್ಞೆ ಕಡತದಲ್ಲಿ ಉಳಿಯಿತು. ಕೊಂಕಣಿ ಜನರ ಬಾಯಲ್ಲಿ ಉಳಿಯಿತು.

ಗೋವಾದಲ್ಲಿ ಕಲಿತ ಸ್ಥಳೀಯ ಯಾಜಕರಿಗೆ ಮೇಲಿನ ಪದವಿಗಳ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು. ಮಾತೆಯುಸ್ ಡಿ ಕ್ಯಾಸ್ಟ್ರೊ ಎಂಬ ಗೋವಾದ ತರುಣನಿಗೆ ಅಲ್ಲಿನ ಆರ್ಚ್‌ಬಿಷಪ್ ದೀಕ್ಷೆಯನ್ನೇ ನಿರಾಕರಿಸಿದಾಗ ಅವನು ರೋಮಿಗೆ ಹೋಗಿ ಓದಿ ಯಾಜಕನಾದನು. 1622ರಲ್ಲಿ ರೋಮಿನಲ್ಲಿ ಸ್ಥಾಪಿತವಾಗಿದ್ದ ಧರ್ಮಪ್ರಸಾರ ಮಂಡಳಿಯು ಅವನ ಬೆಂಬಲಕ್ಕೆ ನಿಂತಿತು. 1637ರಲ್ಲಿ ಅವನು ಬಿಷಪ್ ಆಗಿ ಅಭಿಷಿಕ್ತನಾದನು. ಅವನಿಗೆ ವಹಿಸಿದ ಪ್ರದೇಶ ಬಿಜಾಪುರದ ಆದಿಲಶಾಹಿ ರಾಜ್ಯ. ಪೋರ್ಚುಗೀಸರು ಅವನನ್ನು ಕೊನೆಯವರೆಗೂ ಒಪ್ಪಲಿಲ್ಲ.

ಇನ್ನೊಬ್ಬ ಗೋವಾದ ಯಾಜಕ ಜೋಸೆಫ್ ವಾಜ್. ಈತನ ಜನನವೂ ಲಾ ಸಾಲನ ಜನನದ ವರ್ಷವಾದ 1651ರಲ್ಲಿಯೇ. 1676ರಲ್ಲಿ ದೀಕ್ಷೆ ಪಡೆದು, 1681ರಿಂದ 1684ರವರೆಗೆ ಕೆಳದಿಯ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿದ್ದ ಕೆನರಾ ಕರಾವಳಿಯಲ್ಲಿ ಸೇವೆ ಸಲ್ಲಿಸಿದನು. ಬಳಿಕ ಡಚ್ಚರು ಕ್ಯಾಥೊಲಿಕ್ ಯಾಜಕರನ್ನು ನಿಷೇಧಿಸಿದ್ದ ಶ್ರೀಲಂಕಾಕ್ಕೆ ಮಾರುವೇಷದಲ್ಲಿ ಹೋಗಿ, ತಮಿಳು ಮತ್ತು ಸಿಂಹಳಗಳನ್ನು ಕಲಿತು, 1711ರಲ್ಲಿ ಮರಣಹೊಂದುವವರೆಗೆ ಅಲ್ಲಿಯೇ ದುಡಿದನು. 2015ರಲ್ಲಿ ಅವನನ್ನು ಸಂತನೆಂದು ಘೋಷಿಸಲಾಯಿತು.

7. ಮಂಗಳೂರು, ಬೆಂಗಳೂರು ಮತ್ತು ಗಡಿ

1878ರ ಡಿಸೆಂಬರ್ 31ರಂದು ಜೆಸುಯಿಟರು ಮಂಗಳೂರಿಗೆ ಬಂದಿಳಿದರು. 1879ರಲ್ಲಿ ಸಂತ ಜೋಸೆಫರ ಗುರುಮಠವನ್ನೂ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನೂ ಆರಂಭಿಸಿದರು. ಗುರುಮಠವು ಇಂದು ಜೆಪ್ಪುವಿನಲ್ಲಿದೆ. ಅವರಲ್ಲಿ ಒಬ್ಬನಾದ ಇಟಲಿಯ ಆಂಜೆಲೊ ಮಫೇಯಿ ಸಿದ್ಧಪಡಿಸಿದ ಕೊಂಕಣಿ ವ್ಯಾಕರಣ ಮತ್ತು ನಿಘಂಟು 1882–83ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದವು. ಕ್ಯಾಥೊಲಿಕ್ ಯಾಜಕನ ಗ್ರಂಥವನ್ನು ಪ್ರೊಟೆಸ್ಟೆಂಟ್ ಮುದ್ರಣಾಲಯವು ಅಚ್ಚುಮಾಡಿದ್ದು ಗಮನಾರ್ಹ. 1893ರಲ್ಲಿ ಪೋಪ್ ಹದಿಮೂರನೆಯ ಲಿಯೊ ಭಾರತ ಮತ್ತು ಸಿಲೋನಿನ ವಿದ್ಯಾರ್ಥಿಗಳಿಗಾಗಿ ಕ್ಯಾಂಡಿಯಲ್ಲಿ ಸ್ಥಾಪಿಸಿದ ಗುರುಮಠವು 1955ರಲ್ಲಿ ಪುಣೆಗೆ ಬಂತು. ಪುದುಚೇರಿಯಲ್ಲಿ ಫ್ರೆಂಚ್ ಮಿಷನರಿಗಳು ಹದಿನೆಂಟನೆಯ ಶತಮಾನದಲ್ಲಿ ಆರಂಭಿಸಿದ ಗುರುಮಠದ ಪರಂಪರೆಯು ಇಪ್ಪತ್ತನೆಯ ಶತಮಾನದಲ್ಲಿ ಬೆಂಗಳೂರಿನ ಮಲ್ಲೇಶ್ವರದ ಸಂತ ಪೀಟರರ ಗುರುಮಠವಾಗಿ ಮುಂದುವರಿಯಿತು.

1956ರ ರಾಜ್ಯ ಪುನರ್ವಿಂಗಡಣೆಯು ಕಾಸರಗೋಡನ್ನು ಕೇರಳಕ್ಕೆ ಸೇರಿಸಿತು. ಆದರೆ ಬೇಳ, ಮಂಜೇಶ್ವರ ಮೊದಲಾದ ಊರುಗಳ ಇಗರ್ಜಿಗಳು ಮಂಗಳೂರು ಧರ್ಮಕ್ಷೇತ್ರದಲ್ಲಿಯೇ ಉಳಿದವು. ಕಾಸರಗೋಡಿನ ಶಿಕ್ಷಕರು ಆಡಳಿತದ ಗಡಿ, ಭಾಷೆಯ ಗಡಿ, ಧರ್ಮಕ್ಷೇತ್ರದ ಗಡಿ ಎಂಬ ಮೂರು ಗೆರೆಗಳು ಒಂದರ ಮೇಲೊಂದು ಕೂರುವುದಿಲ್ಲ ಎಂಬುದಕ್ಕೆ ಇದನ್ನು ಉದಾಹರಣೆಯಾಗಿ ಬಳಸಬಹುದು.

8. ಇಪ್ಪತ್ತನೆಯ ಶತಮಾನದ ತಿರುವು

ಈ ಎಲ್ಲ ಗುರುಮಠಗಳಲ್ಲಿ ಬಹುಕಾಲ ಲ್ಯಾಟಿನ್ನಿಗೇ ಅಗ್ರಸ್ಥಾನವಿತ್ತು. 1962ರ ಫೆಬ್ರವರಿಯಲ್ಲಿ ಪೋಪ್ ಇಪ್ಪತ್ತಮೂರನೆಯ ಜಾನ್ ಗುರುಮಠಗಳ ಮುಖ್ಯ ವಿಷಯಗಳನ್ನು ಲ್ಯಾಟಿನ್ನಿನಲ್ಲಿಯೇ ಬೋಧಿಸಬೇಕೆಂದು ಮತ್ತೊಮ್ಮೆ ಆದೇಶಿಸಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಅವರೇ ಕರೆದ ಎರಡನೆಯ ವ್ಯಾಟಿಕನ್ ಮಹಾಸಭೆಯು ಆರಂಭವಾಯಿತು. 1963ರ ಡಿಸೆಂಬರ್ 4ರ ನಿರ್ಣಯದಿಂದ ಪೂಜೆಯಲ್ಲಿ ಜನಭಾಷೆಗೆ ಅವಕಾಶ ದೊರೆಯಿತು. 1965ರ ಅಕ್ಟೋಬರ್ 28ರ ನಿರ್ಣಯವು ಯಾಜಕರ ತರಬೇತಿಯನ್ನು ಆಯಾ ನಾಡಿನ ಸ್ಥಿತಿಗತಿಗಳಿಗೆ ಹೊಂದಿಸಬೇಕೆಂದು ವಿಧಿಸಿತು.

ಆಗ ಲ್ಯಾಟಿನ್ನಿನ ಜಾಗಕ್ಕೆ ಯಾವ ಜನಭಾಷೆ ಬರಬೇಕು ಎಂಬ ಹೊಸ ಪ್ರಶ್ನೆ ಹುಟ್ಟಿತು. ಒಂದೇ ಇಗರ್ಜಿಯಲ್ಲಿ ಹಲವು ಮನೆಮಾತಿನವರು ಸೇರುವ ಬೆಂಗಳೂರಿನಂತಹ ನಗರದಲ್ಲಿ ಕನ್ನಡ, ತಮಿಳು, ಕೊಂಕಣಿಗಳ ಸ್ಥಾನದ ಕುರಿತು ದೀರ್ಘಕಾಲ ವಿವಾದ ನಡೆಯಿತು. ಎಲ್ಲರಿಗೂ ಸಮಾನವಾಗಿ ಅಪರಿಚಿತವಾದ ಭಾಷೆ ಹೋದ ಮೇಲೆ, ಕೆಲವರಿಗೆ ಆಪ್ತವೂ ಕೆಲವರಿಗೆ ಪರಕೀಯವೂ ಆದ ಭಾಷೆಗಳ ನಡುವೆ ನ್ಯಾಯ ಒದಗಿಸುವುದು ಕಷ್ಟವಾಯಿತು. ಬಹುಭಾಷಿಕ ತರಗತಿಯನ್ನು ನಡೆಸುವ ಶಿಕ್ಷಕರಿಗೆ ಈ ಕಷ್ಟ ಅರ್ಥವಾಗದೆ ಇರದು.

ಇಂದಿನ ಕ್ರಮದಲ್ಲಿ ಯಾಜಕನಾಗುವವನು ಮೊದಲು ಪೂರ್ವಸಿದ್ಧತೆಯ ಹಂತವನ್ನು ದಾಟಬೇಕು. 1983ರ ಧರ್ಮಸಭಾ ಸಂಹಿತೆಯ ಪ್ರಕಾರ ತತ್ತ್ವಶಾಸ್ತ್ರ ಮತ್ತು ದೈವಶಾಸ್ತ್ರಗಳ ಅಭ್ಯಾಸವು ಕನಿಷ್ಠ ಆರು ವರ್ಷ: ಎರಡು ವರ್ಷ ತತ್ತ್ವಶಾಸ್ತ್ರ, ನಾಲ್ಕು ವರ್ಷ ದೈವಶಾಸ್ತ್ರ. 1992ರ ಮಾರ್ಗಸೂಚಿಯು ಮಾನವೀಯ, ಆಧ್ಯಾತ್ಮಿಕ, ಬೌದ್ಧಿಕ, ಜನಸೇವಾತ್ಮಕ ಎಂದು ತರಬೇತಿಯ ನಾಲ್ಕು ಮುಖಗಳನ್ನು ಗುರುತಿಸಿತು. ಓದಿನಲ್ಲಿ ಮುಂದಿದ್ದು ಜನರೊಡನೆ ಬೆರೆಯಲಾರದವನ ತರಬೇತಿ ಪೂರ್ಣವಾಗಿಲ್ಲವೆಂಬುದು ಇದರ ಭಾವ.

9. ತರಗತಿಗೆ

ಚಟುವಟಿಕೆಗಳು

ಅ) ಸಸಿಮಡಿ ಮತ್ತು ನಾಟಿಗೆ ಸಂಬಂಧಿಸಿದ ತಮ್ಮ ಊರಿನ ಪದಗಳನ್ನು ಮಕ್ಕಳು ಮನೆಯ ಹಿರಿಯರಿಂದ ಕೇಳಿ ಬರೆದುಕೊಂಡು ಬರಲಿ. ಕನ್ನಡದ ಜೊತೆಗೆ ತುಳು, ಮಲಯಾಳಂ, ತಮಿಳು, ಬಡಗ, ಮರಾಠಿ, ತೆಲುಗು, ಕೊಂಕಣಿ ಪದಗಳಿಗೂ ಸ್ಥಾನವಿರಲಿ.

ಆ) ಟ್ರೆಂಟ್ ನಿರ್ಣಯದ ನಾಲ್ಕು ಅಂಶಗಳನ್ನು (ವಯಸ್ಸು, ಅರ್ಹತೆ, ಪಠ್ಯ, ಹಣ) ಇಂದಿನ ಶಿಕ್ಷಕ ತರಬೇತಿಯ ನಿಯಮಗಳೊಡನೆ ಹೋಲಿಸುವ ಕೋಷ್ಟಕವನ್ನು ತಯಾರಿಸಲಿ.

ಇ) ಊರಿನ ದೇವಸ್ಥಾನ, ಮಸೀದಿ, ಇಗರ್ಜಿ, ಬಸದಿಗಳಲ್ಲಿ ಪೂಜೆಯ ಭಾಷೆ ಯಾವುದು, ಉಪದೇಶದ ಭಾಷೆ ಯಾವುದು, ಮನೆಯ ಭಾಷೆ ಯಾವುದು ಎಂಬುದನ್ನು ಪಟ್ಟಿ ಮಾಡಲಿ.

ಚರ್ಚೆಗೆ ಪ್ರಶ್ನೆಗಳು

1. ಸುರಿಯಾನಿಯು ಸಂತ ತೋಮಸರ ಕ್ರೈಸ್ತರ ಮನೆಮಾತಲ್ಲ. ಆದರೂ ಅದನ್ನು ಅರಿಯದ ಯಾಜಕನನ್ನು ಅವರು ಏಕೆ ಒಪ್ಪಲಿಲ್ಲ? ಆಡುವ ಭಾಷೆಗೂ ತನ್ನದೆಂದು ಭಾವಿಸುವ ಭಾಷೆಗೂ ವ್ಯತ್ಯಾಸವಿದೆಯೆ?

2. ರಾಚೋಲಿನ ವ್ಯಾಕರಣ ಮತ್ತು 1684ರ ಆಜ್ಞೆ ಎರಡೂ ಒಂದೇ ಆಳ್ವಿಕೆಯ ಕಾಲದವು. ಇವೆರಡರಲ್ಲಿ ಕಾಣುವ ವಿರೋಧವನ್ನು ಹೇಗೆ ವಿವರಿಸಬಹುದು?

3. ಬಡಮಕ್ಕಳು ಶಾಲೆಯಲ್ಲಿ ಇರುವ ಅಲ್ಪ ಕಾಲವನ್ನು ಯಾವ ಭಾಷೆಯ ಓದಿಗೆ ಕೊಡಬೇಕು ಎಂಬ ಲಾ ಸಾಲನ ಪ್ರಶ್ನೆಯನ್ನು ಇಂದು ನಿಮ್ಮ ಊರಿನ ಒಬ್ಬ ಪಾಲಕರು ಕೇಳಿದರೆ ಯಾವ ಉತ್ತರ ಕೊಡುವಿರಿ?